ಹನ್ನೊಂದು ತೋರಿಸಿದ ಮೀಟರ್



ಈ ಸಲ ಒಂದು ಕಂಪ್ಯೂಟರ್ ಪೆಟ್ಟಿಗೆಯ ಕುರಿತು ಬರೆಯುತ್ತಿದ್ದೇನೆ. ದೀನಿಯಾತ್ ಕಲಿಸುವ ಆಪಾಗೆ ಕರೆಂಟಿನ ಉಸಾಬರಿ ಯಾಕೆ ಎಂದು ನೀವು ನಗಬಹುದು. ಪೂರ್ತಿ ಓದಿದ ಮೇಲೆ ನಗಿರಿ.

ನಮ್ಮ ಮುಂಡರಗಿಯ ಒಂದು ಮನೆ. ಹಿರಿಯ ಮಗಳು ಬಿ.ಕಾಂ. ಓದುತ್ತಾಳೆ, ಹಿಂದೆ ನನ್ನ ಬಳಿ ಕುರ್‌ಆನ್ ಕಲಿತವಳು. ಮನೆಯಲ್ಲಿದ್ದ ಹಳೆಯ ಕಂಪ್ಯೂಟರಿನ ತಗಡಿನ ಡಬ್ಬಿ ತುಕ್ಕು ಹಿಡಿದಿತ್ತು. ಬಡಗಿ ಕೆಲಸ ಮಾಡುವ ಅವಳ ಚಾಚಾ ಉಳಿದ ಪ್ಲೈವುಡ್ ತುಂಡುಗಳಿಂದ ಹೊಸ ಪೆಟ್ಟಿಗೆ ಮಾಡಿಕೊಟ್ಟರು. ಒಂದು ಬದಿಗೆ ಗಾಜು, ಹಿಂದೆ ಗಾಳಿಯಾಡಲು ಕಿಂಡಿ. ನೋಡಲು ಚೆಂದವೇ ಇತ್ತು. ಆದರೆ ಕಂಪ್ಯೂಟರ್ ನಡುನಡುವೆ ಆರಿಹೋಗಿ ತಾನಾಗಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಅದೂ ವಿಡಿಯೋ ಹಾಕಿದಾಗಲೇ ಹೆಚ್ಚು.

ತಂದೆಗೆ ಗುಮಾನಿ ಬಂತು. ಪಾಠದ ವಿಡಿಯೋ ಎಂದು ಹೇಳಿ ಮಗಳು ಏನೇನೋ ನೋಡುತ್ತಾಳೆ, ಯಾವುದೋ ವೈರಸ್ ಸೇರಿಸಿದ್ದಾಳೆ ಎಂದರು. ತಾಯಿ ಮಾತ್ರ "ವೋಲ್ಟೇಜ್ ಇಲ್ಲ, ಅದಕ್ಕ ಹಿಂಗಾಗ್ತೈತಿ" ಎನ್ನುತ್ತಿದ್ದರು. ಕೊನೆಗೆ ತಂದೆ ಕಂಪ್ಯೂಟರ್ ಮಾರಿಬಿಡಲು ನಿಶ್ಚಯಿಸಿದರು. ಮಾರುವ ಮುಂಚೆ ನನ್ನನ್ನು ಕರೆಸಿ, "ಆಪಾ, ನೀವು ಹೇಳಿದ್ರ ಕೇಳ್ತಾಳ, ನಾಲ್ಕು ಮಾತು ಹೇಳ್ರಿ" ಎಂದರು. ನಾನೂ ನಸೀಹತ್ ಹೇಳಲು ಸಿದ್ಧಳಾಗಿಯೇ ಹೋದೆ. ಹುಡುಗಿಯನ್ನು ಒಂದು ಮಾತು ಕೇಳುವ ಮೊದಲೇ ಅರ್ಧ ನಂಬಿಬಿಟ್ಟಿದ್ದೆ. ಸೂರಃ ಅಲ್ ಹುಜುರಾತ್ ಪಾಠ ಮಾಡುವಾಗ ಗುಮಾನಿಯ ಬಗ್ಗೆ ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ!

ಹುಡುಗಿ ವಾದ ಮಾಡಲಿಲ್ಲ. ಪೆಟ್ಟಿಗೆಯ ಮುಂಭಾಗಕ್ಕೆ ಕೈ ತೋರಿಸಿದಳು. ಪ್ಲೈವುಡ್ಡಿನಲ್ಲಿ ಎರಡು ಪುಟ್ಟ ಕಿಂಡಿ ಕೊರೆದು, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಎರಡು ಮೀಟರ್ ಕೂರಿಸಿದ್ದಳು. ಒಂದೊಂದಕ್ಕೆ ನೂರು ರೂಪಾಯಿಯ ಆಸುಪಾಸು, ಈದಿಯ ಹಣದಲ್ಲಿ ತರಿಸಿದ್ದಂತೆ. ಕೆಂಪು ಅಂಕೆ ಹೊಳೆಯುತ್ತಿತ್ತು.

ಅವಳು ನನಗೆ ತಿಳಿಸಿಕೊಟ್ಟದ್ದನ್ನೇ ನಿಮಗೂ ಹೇಳುತ್ತೇನೆ. ಗೋಡೆಯ ಪ್ಲಗ್ಗಿನಿಂದ ಬರುವ 230 ವೋಲ್ಟನ್ನು ಕಂಪ್ಯೂಟರ್ ನೇರವಾಗಿ ಬಳಸುವುದಿಲ್ಲ. ಒಳಗಿರುವ ಎಸ್‌ಎಂಪಿಎಸ್ ಎಂಬ ಡಬ್ಬಿ ಅದನ್ನು 12, 5 ಮತ್ತು 3.3 ವೋಲ್ಟುಗಳಾಗಿ ಇಳಿಸಿ ಹಂಚುತ್ತದೆ. ಹಳದಿ ತಂತಿ ಹನ್ನೆರಡು, ಕೆಂಪು ಐದು, ಕಿತ್ತಳೆ ಮೂರೂವರೆಯ ಸಮೀಪದ್ದು, ಕಪ್ಪು ಮರಳಿ ಬರುವ ದಾರಿ. ಹನ್ನೆರಡು ಎಂದರೆ ಸರಿಯಾಗಿ ಹನ್ನೆರಡೇ ಇರಬೇಕಿಲ್ಲ, ನೂರಕ್ಕೆ ಐದರಷ್ಟು ಹೆಚ್ಚುಕಡಿಮೆ ನಡೆಯುತ್ತದೆ. ಅಂದರೆ 11.4ರಿಂದ 12.6ರವರೆಗೆ. ಐದಕ್ಕೆ 4.75ರಿಂದ 5.25. ಅದಕ್ಕಿಂತ ಕೆಳಗಿಳಿದರೆ ಯಂತ್ರ ತಡವರಿಸುತ್ತದೆ.

ಎರಡು ತಂತಿಯ ಈ ಮೀಟರ್ ತಾನು ಅಳೆಯುವ ಕರೆಂಟಿನಿಂದಲೇ ಹೊತ್ತಿಕೊಳ್ಳುತ್ತದೆ. ಹೊತ್ತಲು ನಾಲ್ಕೂವರೆ ವೋಲ್ಟಾದರೂ ಬೇಕಾದ್ದರಿಂದ 3.3ನ್ನು ಅದು ತೋರಿಸದು, ಅದಕ್ಕೆ ಮೂರು ತಂತಿಯದು ಬೇಕು. ಅವಳು ಡಬ್ಬಿಯನ್ನು ಬಿಚ್ಚಿರಲಿಲ್ಲ, ಹೊರಗೆ ಇಳಿಬಿದ್ದಿದ್ದ ಖಾಲಿ ಕನೆಕ್ಟರಿಗಷ್ಟೇ ತಂತಿ ಜೋಡಿಸಿದ್ದಳು. ನಿಮ್ಮ ಮನೆಯ ಮಕ್ಕಳಿಗೂ ಇದನ್ನು ಒತ್ತಿ ಹೇಳಿರಿ: ಎಸ್‌ಎಂಪಿಎಸ್ ಡಬ್ಬಿಯನ್ನು ಯಾವ ಕಾರಣಕ್ಕೂ ಬಿಚ್ಚಬಾರದು. ಪ್ಲಗ್ ತೆಗೆದ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ಜೀವಕ್ಕೆ ಅಪಾಯವಾಗುವಷ್ಟು ಕರೆಂಟ್ ಉಳಿದಿರುತ್ತದೆ.

"ನೋಡ್ರಿ ಆಪಾ" ಎಂದು ಅವಳು ಪಾಠದ ವಿಡಿಯೋ ಹಾಕಿದಳು. 11.8 ಇದ್ದದ್ದು 11.5 ಆಯಿತು, 11.2 ಆಯಿತು. 11.0 ಬಂದದ್ದೇ ತಡ, ಪರದೆ ಕಪ್ಪಾಯಿತು. ತಂದೆ ಬಗ್ಗಿ ನೋಡುತ್ತಿದ್ದರು. ವಿಡಿಯೋ ಓಡಿಸುವಾಗ ಕಂಪ್ಯೂಟರಿಗೆ ದುಡಿಮೆ ಹೆಚ್ಚು, ಹನ್ನೆರಡರ ತಂತಿಯಿಂದ ಹೆಚ್ಚು ಎಳೆಯುತ್ತದೆ. ಯಾವ ವಿಡಿಯೋ ಎಂಬುದು ಅದಕ್ಕೆ ಗೊತ್ತಿಲ್ಲ.

"ಹಂಗಾದ್ರ ಹೊರಗಿನ ಕರೆಂಟೇ ಕಡಿಮಿ ಐತಿ" ಎಂದರು ತಾಯಿ. ಕಪ್ಪತಗುಡ್ಡದ ಕಡೆ ಗಾಳಿಯಂತ್ರ ತಿರುಗುವುದು ನಮ್ಮ ಕಣ್ಣಿಗೆ ಕಾಣುತ್ತದೆ, ಮನೆಯ ಪ್ಲಗ್ಗಿಗೆ ಎಷ್ಟು ಬರುತ್ತಿದೆ ಎಂಬುದು ಕಾಣುವುದಿಲ್ಲವಲ್ಲ! ಆದರೆ ಒಳಗಿನ ಮೀಟರ್ ಹೊರಗಿನ ಸಂಗತಿ ಹೇಳುವುದಿಲ್ಲ. ಒಳ್ಳೆಯ ಎಸ್‌ಎಂಪಿಎಸ್ ಆದರೆ ಗೋಡೆಯ ವೋಲ್ಟೇಜ್ ಸ್ವಲ್ಪ ಇಳಿದರೂ ತಾನು ಹನ್ನೆರಡನ್ನೇ ಕೊಡುತ್ತಿರುತ್ತದೆ. ಆದ್ದರಿಂದ ಗೋಡೆಯದನ್ನು ಅಳೆಯುವ ಬೇರೆ ಮೀಟರನ್ನು ಎಲೆಕ್ಟ್ರಿಷಿಯನ್ ಕೈಯಿಂದ ಸ್ವಿಚ್ ಬೋರ್ಡಿನಲ್ಲಿ ಕೂರಿಸಿದರು. ಆ ಕೆಲಸ ಮಕ್ಕಳದ್ದಲ್ಲ. ಎರಡು ದಿನ ನೋಡಿದರು. ಕಂಪ್ಯೂಟರ್ ಆರಿದಾಗಲೂ ಅದು 220ರ ಮೇಲೆಯೇ ಇತ್ತು.

ಅಂದ ಮೇಲೆ ತಪ್ಪು ಕರೆಂಟಿನದ್ದಲ್ಲ, ಹುಡುಗಿಯದ್ದಂತೂ ಅಲ್ಲ. ರಿಪೇರಿ ಅಂಗಡಿಯವರು ಹಳೆಯ ಎಸ್‌ಎಂಪಿಎಸ್ ಬಿಚ್ಚಿ ತೋರಿಸಿದರು. ಒಳಗಿನ ಎರಡು ಕೆಪಾಸಿಟರುಗಳ ತಲೆ ಪೂರಿಯಂತೆ ಉಬ್ಬಿತ್ತು. ವಯಸ್ಸಾದರೆ, ಬಿಸಿ ತಾಗಿದರೆ ಹೀಗಾಗುತ್ತದಂತೆ. ಹೊಸದನ್ನು ಹಾಕಿದ ಮೇಲೆ ವಿಡಿಯೋ ಓಡುತ್ತಿರುವಾಗಲೂ ಮೀಟರಿನಲ್ಲಿ 12.0.

ಮೀಟರನ್ನೂ ಕಣ್ಣು ಮುಚ್ಚಿ ನಂಬಬೇಡಿ. ಅಗ್ಗದ ಮೀಟರ್ ತುಸು ಹೆಚ್ಚುಕಡಿಮೆ ತೋರಿಸಬಹುದು. ಒಮ್ಮೆ ಒಳ್ಳೆಯ ಮಲ್ಟಿಮೀಟರಿಗೆ ಹೋಲಿಸಿ ನೋಡಬೇಕು. ಕೆಲವುಗಳ ಹಿಂದೆ ಸರಿಪಡಿಸಲು ಪುಟ್ಟ ತಿರುಪು ಇರುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗುವ ಕುಸಿತವನ್ನು ಅದು ಹಿಡಿಯಲಾರದು. ಗೋಡೆಯ ಮೀಟರ್ 200ಕ್ಕಿಂತ ಕೆಳಗೆ ನಿಂತರೆ ದಿನ, ಹೊತ್ತು, ಅಂಕೆ ಬರೆದಿಟ್ಟು 1912ಕ್ಕೆ ತಿಳಿಸಿ. "ವೋಲ್ಟೇಜ್ ಇಲ್ಲ" ಎನ್ನುವುದಕ್ಕಿಂತ "ಸಂಜೆ ಏಳಕ್ಕೆ 185 ಇತ್ತು" ಎಂದರೆ ಕೇಳುವವರಿಗೂ ಅರ್ಥವಾಗುತ್ತದೆ.

ನಾನು ಆ ಹುಡುಗಿಯ ಬಳಿ ಮಾಫಿ ಕೇಳಿದೆ. "ಇರ್ಲಿ ಬಿಡ್ರಿ ಆಪಾ" ಎಂದಳು. ತಂದೆ ಬಾಯಿಬಿಟ್ಟು ಏನೂ ಹೇಳಲಿಲ್ಲ, ನಮ್ಮ ಗಂಡಸರು ಎಲ್ಲಿ ಹೇಳುತ್ತಾರೆ! ಆದರೆ ಈಗ ದಿನಾ ಇಶಾ ನಮಾಝ್ ಮುಗಿಸಿ ಬಂದವರು ಚಪ್ಪಲಿ ಬಿಡುತ್ತಾ ಬಾಗಿಲಿನಿಂದಲೇ ಕೇಳುತ್ತಾರಂತೆ, "ಬೇಟಿ, ಈಗ ಎಷ್ಟೈತಿ?"