ಸಫಾರಿ ಚರ್ಚೆ ಮರೆತ ಹತ್ತರ ಲೆಕ್ಕ

2025ರ ನವೆಂಬರ್‌ನಲ್ಲಿ ಬಂಡೀಪುರ, ನಾಗರಹೊಳೆಗಳ ಸಫಾರಿ ನಿಂತಾಗಿನಿಂದ ನಾವು ಜೀಪುಗಳನ್ನೇ ಎಣಿಸುತ್ತಿದ್ದೇವೆ. ಎಷ್ಟು ಟ್ರಿಪ್, ಎಷ್ಟು ರೆಸಾರ್ಟ್, ಎಷ್ಟು ಕುಟುಂಬಗಳ ಹೊಟ್ಟೆಪಾಡು. ಕಾಡಿಗೆ ಜನ ಕಾಲಿಡುವುದೇ ಬೇಡ ಎನ್ನುವವರು ಒಂದು ಕಡೆ, ನೋಡದಿದ್ದರೆ ಕಾಡಿನ ಮೇಲೆ ಪ್ರೀತಿ ಹುಟ್ಟುವುದಾದರೂ ಹೇಗೆ ಎನ್ನುವವರು ಇನ್ನೊಂದು ಕಡೆ. ನಮ್ಮಿಂದ ಪ್ರಾಣಿ ಏನು ಕಲಿಯುತ್ತಿದೆ ಎಂದು ಮಾತ್ರ ಇಬ್ಬರೂ ಕೇಳುತ್ತಿಲ್ಲ. ಕೇಳಬೇಕಿದ್ದರೆ ಜಲಪಾತದಲ್ಲಿ ಮೀನು ಹಿಡಿಯುವ ಕಂದು ಕರಡಿಗಳನ್ನು ನೋಡಲು ಜನ ಹೋಗುವ ಅಲಾಸ್ಕದ ಮೆಕ್‌ನೀಲ್ ನದಿಯ ಬಿಡಾರವನ್ನು ನೋಡಬೇಕು. ಅಲ್ಲಿ ಎಲ್ಲವೂ ನಿಂತಿರುವುದು ಹತ್ತು ಎಂಬ ಒಂದು ಅಂಕಿಯ ಮೇಲೆ.

1967ರಲ್ಲಿ ಮೆಕ್‌ನೀಲ್ ಅಭಯಾರಣ್ಯವಾಯಿತು. ಹೆಸರು ಹಬ್ಬುತ್ತಿದ್ದಂತೆ ಕ್ಯಾಮೆರಾ ಹಿಡಿದವರೂ ಗಾಳ ಹಿಡಿದವರೂ ನುಗ್ಗಿದರು, ಜಲಪಾತಕ್ಕೆ ಬರುವ ಕರಡಿಗಳು ಕಡಿಮೆಯಾದವು. 1973ರಲ್ಲಿ ಲಾಟರಿ ಎತ್ತಿ ಪರವಾನಗಿ ಕೊಡುವ ಪದ್ಧತಿ ಬಂತು. ಈಗ ಜೂನ್ 7ರಿಂದ ಆಗಸ್ಟ್ 25ರವರೆಗೆ, ಕಾವಲುಗಾರರ ಜತೆ ಜಲಪಾತಕ್ಕೆ ಹೋಗಲು ದಿನಕ್ಕೆ ಹತ್ತೇ ಜನರಿಗೆ ಪರವಾನಗಿ. ಒಬ್ಬೊಬ್ಬರಿಗೆ ನಾಲ್ಕು ದಿನ. ಎಂಬತ್ತು ದಿನಗಳಿಗೆ ಲೆಕ್ಕ ಹಾಕಿದರೆ ಇಡೀ ಋತುವಿಗೆ ಇನ್ನೂರು ಮಂದಿ. ನಮ್ಮಲ್ಲಿ ಇಪ್ಪತ್ತು ಸೀಟಿನ ಸಫಾರಿ ಬಸ್ಸು ಹತ್ತು ಸುತ್ತು ಹೊಡೆದರೆ ಅಷ್ಟು ಜನ ಆಗಿಹೋಗುತ್ತಾರೆ.

ಫಲ ಏನು? ಒಂದು ಬೇಸಿಗೆಯಲ್ಲಿ 144 ಕರಡಿಗಳನ್ನು ಬೇರೆ ಬೇರೆಯಾಗಿ ಗುರುತಿಸಿದ್ದುಂಟು, ಒಂದೇ ನೋಟಕ್ಕೆ 74 ಸಿಕ್ಕಿದ್ದೂ ಉಂಟು. ಪರವಾನಗಿ ಬಂದ ನಂತರದ ದಶಕಗಳಲ್ಲಿ ಕರಡಿಯಿಂದ ಯಾವ ಪ್ರವಾಸಿಗೂ ಗಾಯವಾಗಿಲ್ಲ.

ಅಲ್ಲಿಗೆ ರಸ್ತೆಯಿಲ್ಲ. ನೀರಿನ ಮೇಲಿಳಿಯುವ ಪುಟ್ಟ ವಿಮಾನದಲ್ಲಿ ಬರಬೇಕು, ಡೇರೆ, ದಿನಸಿ ಎಲ್ಲವನ್ನೂ ತಾವೇ ಹೊತ್ತು ತರಬೇಕು. ಡೇರೆಯೊಳಗೆ ಒಂದು ಬಿಸ್ಕತ್ತೂ ಇರಕೂಡದು. ಬೇಯಿಸುವುದು, ಉಣ್ಣುವುದು, ಉಳಿದದ್ದನ್ನು ಇಡುವುದು ಎಲ್ಲ ಒಂದೇ ಮರದ ಮನೆಯಲ್ಲಿ. ಬೆಳಿಗ್ಗೆ ಕೋವಿ ಹಿಡಿದ ಸಿಬ್ಬಂದಿಯ ಹಿಂದೆ ಕೆಸರು ತುಳಿದು, ಹಳ್ಳ ದಾಟಿ ಮೂರು ಕಿಲೋಮೀಟರ್ ನಡಿಗೆ. ದಿನವೂ ಅದೇ ದಾರಿ, ಜಲಪಾತದ ಪಕ್ಕ ಅದೇ ಸಣ್ಣ ಜಲ್ಲಿಕಟ್ಟೆ. ಸಾಲ್ಮನ್ ಮೀನು ಏರಿ ಬರುವ ದಿನಗಳಲ್ಲಿ ತಾಯಿ ಕರಡಿ ಮರಿಗಳನ್ನು ಆ ಜನರ ಹತ್ತಿರವೇ ಬಿಟ್ಟು ನೀರಿಗಿಳಿಯುವುದುಂಟು. ಮರಿಗಳನ್ನು ಕೊಲ್ಲಬಲ್ಲ ದೊಡ್ಡ ಗಂಡುಗಳು ಜನರಿದ್ದ ಕಡೆ ಸುಳಿಯಲು ಹಿಂಜರಿಯುತ್ತವೆ ಎಂಬುದು ಅದಕ್ಕೆ ಗೊತ್ತು.

ಮನುಷ್ಯನಿಗೆ ಒಗ್ಗಿದ ಕರಡಿ ಬೇರೆ, ಮನುಷ್ಯನ ತುತ್ತಿಗೆ ಒಗ್ಗಿದ ಕರಡಿ ಬೇರೆ. ಮೆಕ್‌ನೀಲ್ ಮೊದಲನೆಯದನ್ನು ಬೆಳೆಸಿ ಎರಡನೆಯದನ್ನು ಹುಟ್ಟಲು ಬಿಡಲಿಲ್ಲ. ಹತ್ತು ಜನರಾದರೆ ಒಟ್ಟಿಗೆ ನಡೆಸಬಹುದು, ಒಂದೇ ಕಡೆ ಕೂರಿಸಬಹುದು, ಪ್ರತಿ ತುತ್ತಿನ ಮೇಲೂ ಕಣ್ಣಿಡಬಹುದು. ನೂರು ಜನರಿಗೆ ಅದೇ ನಿಯಮ ಫಲಕದ ಮೇಲಷ್ಟೇ ಉಳಿಯುತ್ತದೆ. ಪಕ್ಕದ ಕಟ್‌ಮೈ ರಾಷ್ಟ್ರೀಯ ಉದ್ಯಾನದಲ್ಲಿ ಕರಡಿಗಳ ನಡುವೆ ತಮ್ಮಿಚ್ಛೆಯಂತೆ ಬಿಡಾರ ಹೂಡಿದ್ದ ತಿಮೊಥಿ ಟ್ರೆಡ್‌ವೆಲ್ ಮತ್ತು ಅವರ ಗೆಳತಿ 2003ರಲ್ಲಿ ಕರಡಿ ದಾಳಿಗೆ ಪ್ರಾಣ ಕಳೆದುಕೊಂಡರು. ಆಮೇಲೆ ಎರಡು ಕರಡಿಗಳಿಗೆ ಗುಂಡು ಬಿತ್ತು. ಅವೂ ಅದೇ ಜಾತಿಯ ಕಂದು ಕರಡಿಗಳೇ.

ಇನ್ನು ನಮ್ಮ ದರೋಜಿ. 1994ರಲ್ಲಿ ಕರಡಿಗಳಿಗೆಂದೇ ಘೋಷಿಸಿದ ಧಾಮ. ಮಧ್ಯಾಹ್ನ ಸಿಬ್ಬಂದಿ ಬಂಡೆಗಳಿಗೆ ಬೆಲ್ಲದ ಪಾಕ ಬಳಿದು ಹೋಗುತ್ತಾರೆ, ನಾವು ಎದುರಿನ ಗುಡ್ಡದ ವೀಕ್ಷಣಾ ಗೋಪುರದಲ್ಲಿ ಕಾಯುತ್ತೇವೆ. ಮೊದಲು ನವಿಲು, ಮುಂಗುಸಿ. ಆಮೇಲೆ ಬೆನ್ನ ಮೇಲೆ ಮರಿ ಹೊತ್ತ ತಾಯಿ. ಕಣ್ತುಂಬುವ ನೋಟ ಅದು, ನಾನೂ ಮೈಮರೆತು ನೋಡಿದ್ದೇನೆ. ಆದರೆ ಗೆದ್ದಲು, ಕಾಡುಹಣ್ಣು ಹುಡುಕಿ ತಿನ್ನಬೇಕಾದ ಪ್ರಾಣಿಗೆ ಹೊತ್ತಿಗೆ ಸರಿಯಾಗಿ ಸಿಹಿ ಉಣಿಸುತ್ತಿದ್ದೇವೆ, ಅದೂ ಸುತ್ತ ಕಬ್ಬು, ಬಾಳೆ ಬೆಳೆಯುವ ಸೀಮೆಯಲ್ಲಿ. ಗೋಪುರ ದೂರದಲ್ಲಿದೆ ಎಂಬ ಸಮಾಧಾನ ಸಾಲದು.

ನಮ್ಮ ಕರಡಿ ಅಲಾಸ್ಕದ್ದಲ್ಲ, ಒಪ್ಪುತ್ತೇನೆ. ಹಠಾತ್ತನೆ ಎದುರಾದರೆ ಮೇಲೆರಗುವ ಪ್ರಾಣಿ ಇದು, ಇದರ ಪಕ್ಕ ಜಲ್ಲಿಕಟ್ಟೆ ಕಟ್ಟಿ ಕೂರಲಾಗದು. ಸಂಖ್ಯೆ ಕಡಿಮೆಯಾದರೆ ಕಾಡು ಶ್ರೀಮಂತರ ಪಾಲಾಗುತ್ತದೆ ಎಂಬ ವಾದವನ್ನು ಮಾತ್ರ ಒಪ್ಪಲಾರೆ. ಮೆಕ್‌ನೀಲ್‌ನಲ್ಲಿ ಸರದಿ ಹಂಚುವುದು ಚೀಟಿ, ಹರಾಜಲ್ಲ. ಸಫಾರಿಗೆ ಹೊಸ ನಿಯಮ ಬರೆಯುವವರು ಜೀಪಿನ ಸಂಖ್ಯೆಗೆ ಮೊದಲು ಜನರ ಸಂಖ್ಯೆ ಬರೆಯಲಿ, ಅದನ್ನು ರೆಸಾರ್ಟಿನ ಕೋಣೆ ಎಣಿಸಿ ನಿಗದಿ ಮಾಡದಿರಲಿ. ದರೋಜಿಯಲ್ಲಿ ಬೆಲ್ಲದ ಡಬ್ಬ ಹಂತಹಂತವಾಗಿ ಬರಿದಾಗಲಿ. ಕೆಲವು ಸಂಜೆ ಕರಡಿ ಕಾಣದೆ ಜನ ಗೋಪುರ ಇಳಿಯಬೇಕಾದೀತು, ಇಳಿಯಲಿ.