ಗೃಹಸ್ಥನ ಟಿಪ್ಪಣಿ: ಸಿಹಿಜೋಳಕ್ಕೆ ನಾಳೆಯಿಲ್ಲ

ಸರಕಾರಿ ಕಚೇರಿಯ ಗುಮಾಸ್ತನಾದ ನನಗೆ "ನಾಳೆ ನೋಡೋಣ" ಎಂಬುದು ಬಾಯಿಪಾಠ. ಆ ಅಭ್ಯಾಸವನ್ನು ಮನೆಗೂ ತಂದುದರ ಫಲವನ್ನು ಕಳೆದ ಮಳೆಗಾಲದಲ್ಲಿ ಉಂಡೆ. ಅದನ್ನು ವಾಚಕರ ಮುಂದಿಡುತ್ತೇನೆ. ನಿಮಗಾದರೂ ಉಪಯೋಗಕ್ಕೆ ಬಂದೀತು.

ಹಾಸನದ ಕಡೆಯ ನಮ್ಮ ಹಳ್ಳಿಯಿಂದ ಅಪ್ಪ ಪುಣೆಗೆ ಬಂದಿದ್ದರು. ಖಡಕವಾಸಲಾ ಕೆರೆಯ ದಂಡೆಗೆ ಕರೆದೊಯ್ದಾಗ, ಕೆಂಡದಲ್ಲಿ ಸುಟ್ಟು ನಿಂಬೆರಸ, ಉಪ್ಪು, ಖಾರ ಸವರಿ ಕೊಡುವ ಭುಟ್ಟಾ ಗಾಡಿಯ ಮುಂದೆ ನಿಂತು, "ನಮ್ಮ ಮುಸುಕಿನಜೋಳ ಅಲ್ಲವೇನೋ ಇದು!" ಎಂದು ಹಿಗ್ಗಿದರು. ಕೊಂಡರು; ಕಚ್ಚಲಾರದೆ ಮೊಮ್ಮಗನ ಕೈಗಿತ್ತರು. ಹೊಲದ ಬದುವಿನಲ್ಲಿ ಕೂತು ನಾಲ್ಕೈದು ತೆನೆ ಮುಗಿಸುತ್ತಿದ್ದವರಿಗೆ ಈಗ ಉಳಿದಿರುವುದು ನಾಲ್ಕೈದು ಹಲ್ಲು.

ಗುರುವಾರ ಆರು ಸಿಹಿಜೋಳದ ತೆನೆ ತಂದೆ. ಅದರ ಕಾಳು ಮೃದು, ಅಪ್ಪನಿಗೆ ಸುಲಭ ಎಂದು ನನ್ನ ಎಣಿಕೆ. "ಇವತ್ತೇ ಬೇಯಿಸೋ" ಎಂದರು. "ಭಾನುವಾರ ನೋಡೋಣಪ್ಪ" ಎಂದೆ. ಚೀಲ ಒಲೆಯ ಪಕ್ಕದಲ್ಲೇ ಉಳಿಯಿತು. ಭಾನುವಾರ ಮುಸುಕಿನಜೋಳದ ಲೆಕ್ಕದಲ್ಲೇ ಕುಕ್ಕರಿನಲ್ಲಿ ಐದು ಸಲ ಕೂಗಿಸಿದೆ. ಅಪ್ಪ ಹತ್ತು ಕಾಳು ಬಾಯಿಗೆ ಹಾಕಿಕೊಂಡು "ಚೆನ್ನಾಗಿದೆ" ಎಂದರು. ತೆನೆ ಮಾತ್ರ ತಟ್ಟೆಯಲ್ಲೇ ಉಳಿಯಿತು.

ನನ್ನ ತಪ್ಪು ಎರಡು. ಗಿಡದಿಂದ ಮುರಿದ ಗಳಿಗೆಯಿಂದಲೇ ಸಿಹಿಜೋಳದ ಸಕ್ಕರೆ ಕುಗ್ಗುತ್ತ ಪಿಷ್ಟವಾಗತೊಡಗುತ್ತದೆ. ಸೆಖೆಯಲ್ಲಿ ಬೇಗ, ತಂಪಿನಲ್ಲಿ ನಿಧಾನ. 1953ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಜಾನ್ ಲಾಫ್ನನ್ ಎಂಬ ವಿಜ್ಞಾನಿ ತೋರಿಸಿಕೊಟ್ಟ ಒಂದು ಗುಣದಿಂದ ಬೆಳೆದುಬಂದ ತಳಿಗಳಲ್ಲಿ ಸಿಹಿ ಹೆಚ್ಚು ದಿನ ನಿಲ್ಲುತ್ತದೆ, ನಿಜ. ಆದರೆ ಒಲೆಯ ಪಕ್ಕದಲ್ಲಿ ಮೂರು ದಿನ ಇಟ್ಟರೆ ಯಾವ ತಳಿ ತಾನೆ ಏನು ಮಾಡೀತು? ಎರಡನೆಯದು, ಬಲಿತ ಮುಸುಕಿನಜೋಳಕ್ಕೆ ಅರ್ಧ ಗಂಟೆ ಬೇಕು. ಎಳೆಯದರಲ್ಲೇ ಕೊಯ್ಯುವ ಸಿಹಿಜೋಳಕ್ಕೆ ಆರು ನಿಮಿಷ ಸಾಕು.

ಕೊಳ್ಳುವಾಗ ಮುಸುಕು ಹಸಿರಾಗಿ ಬಿಗಿಯಾಗಿರಲಿ. ತುದಿಯ ಕೂದಲು ಕಂದಾಗಿದ್ದರೂ ಒಣಗಿ ಪುಡಿಯಾಗದಿರಲಿ. ಕಾಳನ್ನು ಉಗುರಿನಿಂದ ಒತ್ತಿದರೆ ರಸ ಚಿಮ್ಮಬೇಕು. ಅಂದೇ ಬೇಯಿಸಲಾಗದಿದ್ದರೆ ಮುಸುಕು ಬಿಡಿಸದೆ ಫ್ರಿಜ್ಜಿನಲ್ಲಿಡಿ. ಅಗಲವಾದ ಪಾತ್ರೆಯಲ್ಲಿ ನೀರು ಕುದಿಯುವಾಗ ಸುಲಿದ ತೆನೆ ಹಾಕಿ, ಐದಾರು ನಿಮಿಷಕ್ಕೆ ತೆಗೆಯಿರಿ. ನೀರಿನಲ್ಲೇ ಬಿಡಬೇಡಿ, ಒಲೆ ಆರಿಸಿದರೂ ಬೇಯುವುದು ನಿಲ್ಲದು. ಉಪ್ಪು, ಬೆಣ್ಣೆ ಬಿಸಿಯಿರುವಾಗಲೇ ಸವರಬೇಕು. ಕಚ್ಚಲಾರದ ಹಿರಿಯರಿದ್ದರೆ ತೆನೆಯನ್ನು ತಟ್ಟೆಯಲ್ಲಿ ನೆಟ್ಟಗೆ ನಿಲ್ಲಿಸಿ, ಚಾಕುವಿನಿಂದ ಮೇಲಿನಿಂದ ಕೆಳಕ್ಕೆ ಕಾಳು ಕೊಯ್ದುಕೊಡಿ. ಆಮೇಲೆ ಚಾಕುವಿನ ಬೆನ್ನಿನಿಂದ ದಿಂಡನ್ನು ಕೆರೆದರೆ ಉಳಿದ ಹಾಲೂ ಬರುತ್ತದೆ.

ಬುಧವಾರ ರಾತ್ರಿಯ ಗಾಡಿಗೆ ಅಪ್ಪ ಹೊರಡುವವರಿದ್ದರು. ಅಂದು ಅರ್ಧ ದಿನ ರಜೆ ಹಾಕಿ, ಹೊಸ ತೆನೆ ತಂದು, ಗಡಿಯಾರ ನೋಡಿಕೊಂಡು ಬೇಯಿಸಿ, ಕಾಳಿಗೆ ತುಪ್ಪ, ಮೆಣಸಿನಪುಡಿ ಬೆರೆಸಿ ಕೊಟ್ಟೆ. ಅಪ್ಪ ಈ ಸಲ ಚೆನ್ನಾಗಿದೆ ಎನ್ನಲಿಲ್ಲ. ಬಟ್ಟಲು ಬರಿದುಮಾಡಿ ನನ್ನ ಕಡೆ ನೂಕಿ, "ಇನ್ನೊಂದು ಬಡಿಸು" ಎಂದರು.

ಬಾಕಿಯಿದ್ದ ಕಡತಗಳೆಲ್ಲ ಗುರುವಾರ ನನ್ನ ಮೇಜಿನ ಮೇಲೇ ಇದ್ದವು. ಒಂದೂ ಕೆಟ್ಟಿರಲಿಲ್ಲ.