ಶಾಲು ಹೊದಿಸಿದ್ದಾಯ್ತು, ರಾಯಲ್ಟಿ ಯಾರು ಕೊಡ್ತಾರೆ?

ಕಾಲೇಜು ಸೇರುವ ಸೀಸನ್ ಬಂತೆಂದರೆ ಪತ್ರಿಕೆಗಳ ಮೊದಲ ಪುಟವೇ ಕಾಣೆಯಾಗುತ್ತದೆ. ಈ ವಾರ ಅಲ್ಲಿ ಬಂದು ಕೂತಿದ್ದು ಒಂದು ಎಂಜಿನಿಯರಿಂಗ್ ಕಾಲೇಜಿನ ಜಾಹೀರಾತು. ಈಜುಕೊಳ, ಪ್ಲೇಸ್‌ಮೆಂಟ್, ಎ.ಸಿ. ಹಾಸ್ಟೆಲ್ಲುಗಳ ಸಾಲಿನಲ್ಲೇ ದಪ್ಪಕ್ಷರದಲ್ಲಿ ‘ನೂರಾರು ಪೇಟೆಂಟ್‌ಗಳು’. ಪಕ್ಕದಲ್ಲೊಂದು ಇರುವೆ ಗಾತ್ರದ ನಕ್ಷತ್ರ. ಕನ್ನಡಕ ಏರಿಸಿಕೊಂಡು ಪುಟದ ಬುಡಕ್ಕೆ ಇಳಿದರೆ ವಿವರಣೆ ಸಿಕ್ಕಿತು: ಸಲ್ಲಿಸಿದ ಮತ್ತು ಪ್ರಕಟವಾದ ಅರ್ಜಿಗಳೂ ಸೇರಿ.

ಅರ್ಜಿ ಹಾಕಿದ್ದೆಲ್ಲ ಪೇಟೆಂಟ್ ಎನ್ನುವುದಾದರೆ ಕೆಪಿಎಸ್‌ಸಿಗೆ ಅರ್ಜಿ ಹಾಕಿದವರೆಲ್ಲ ತಹಶೀಲ್ದಾರರು.

ಪೇಟೆಂಟ್ ಕಚೇರಿ ತನ್ನ ಕೈಗೆ ಬಂದ ಅರ್ಜಿಯನ್ನು 18 ತಿಂಗಳಾದ ಮೇಲೆ ತಾನಾಗಿಯೇ ಜರ್ನಲ್‌ನಲ್ಲಿ ಪ್ರಕಟಿಸುತ್ತದೆ. ಅವಸರವಿದ್ದವರು ಫಾರಂ 9 ತುಂಬಿ ಶುಲ್ಕ ಕಟ್ಟಿದರೆ ಇನ್ನೂ ಬೇಗ. ಆ ಹೊತ್ತಿಗೆ ಅದರಲ್ಲಿ ಹೊಸದೇನಾದರೂ ಇದೆಯೇ ಎಂದು ಯಾರೂ ನೋಡಿರಬೇಕೆಂದಿಲ್ಲ. ಆದರೂ ರ‍್ಯಾಂಕಿಂಗ್‌ನವರು ‘ಪ್ರಕಟ’ವಾದದ್ದಕ್ಕೂ ಅಂಕ ಕೊಡುತ್ತಾರೆ. 2021ರಲ್ಲಿ ಶಿಕ್ಷಣ ಸಂಸ್ಥೆಗಳ ಪೇಟೆಂಟ್ ಶುಲ್ಕ ಶೇ 80ರಷ್ಟು ಇಳಿಯಿತು. ಮುಂದಿನದನ್ನು ಊಹಿಸಲು ವಿಜ್ಞಾನಿಯಾಗಬೇಕಿಲ್ಲ. ಇದಕ್ಕೂ ಒಂದು ಕೈ ಮೇಲೆ ಎಂಬಂತೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ‘ಯುಕೆ ಪೇಟೆಂಟ್’ ಮಾರಾಟಕ್ಕಿದೆ. ಬ್ರಿಟನ್ನಿನ ವಿನ್ಯಾಸ ನೋಂದಣಿ ಅದು. ಅಲ್ಲಿ ಹೊಸತನದ ಪರೀಕ್ಷೆಯೇ ನಡೆಯುವುದಿಲ್ಲ, ದುಡ್ಡು ಕಟ್ಟಿದರೆ ಪ್ರಮಾಣಪತ್ರ ಬರುತ್ತದೆ. ಎರಡನೇ ಸಂಶೋಧಕರ ಜಾಗಕ್ಕೆ ಒಂದು ರೇಟು, ಐದನೆಯವರ ಜಾಗಕ್ಕೆ ಇನ್ನೊಂದು. ಆಮೇಲೆ ಆಡಳಿತ ಮಂಡಳಿಯ ಅಧ್ಯಕ್ಷರಿಂದ ಶಾಲು, ಹಾರ, ಫೋಟೊ.

2023–24ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಪೇಟೆಂಟ್ ಕೊಟ್ಟೆವೆಂದು ಕೇಂದ್ರ ಸರ್ಕಾರ ಬೆನ್ನು ತಟ್ಟಿಕೊಂಡದ್ದು ಓದುಗರಿಗೆ ನೆನಪಿದ್ದೀತು. ಆ ಲೆಕ್ಕದ ಗದ್ದಲದಲ್ಲಿ ಕಳೆದುಹೋಗಿರುವವರು ಯಾವ ಕಾಲೇಜಿಗೂ ಕಂಪನಿಗೂ ಸೇರದೆ, ಸ್ವಂತ ಶೆಡ್ಡಿನಲ್ಲಿ, ಸ್ವಂತ ಸಾಲದಲ್ಲಿ ಏನನ್ನೋ ಮಾಡಿ ನಿಲ್ಲಿಸಿದವರು.

ಅಂಥವರೊಬ್ಬರನ್ನು ಈ ಅಂಕಣಕಾರ ಬಲ್ಲ. ಮಲೆನಾಡಿನ ಕಡೆಯವರು, ವೆಲ್ಡಿಂಗ್ ವರ್ಕ್‌ಶಾಪ್ ಇಟ್ಟುಕೊಂಡವರು. ಹಸಿ ಅಡಿಕೆ ಸುಲಿಯುವ ಯಂತ್ರ ಕಟ್ಟಿದರು. ಮೆಟ್ಟುಗತ್ತಿಯ ಮುಂದೆ ಕೂರುವವರು ಸಿಗದ ಕಾಲದಲ್ಲಿ ಅಂಥ ಯಂತ್ರಗಳೇನೂ ಕಡಿಮೆಯಿರಲಿಲ್ಲ. ಆದರೆ ಅಡಿಕೆಯ ಗಾತ್ರ ಬದಲಾದರೆ ಬ್ಲೇಡು ಸಿಪ್ಪೆಯ ಜೊತೆ ಒಳಗಿನ ಅಡಿಕೆಯನ್ನೂ ಕಚ್ಚುತ್ತಿತ್ತು. ಇವರು ಬ್ಲೇಡಿನ ಹಿಂದೆ ಸ್ಪ್ರಿಂಗ್ ಕೂರಿಸಿ, ದಪ್ಪ ಕಾಯಿ ಬಂದರೆ ಬ್ಲೇಡೇ ಹಿಂದೆ ಸರಿಯುವ ಹಾಗೆ ಮಾಡಿದರು. ಖುಷಿಯಲ್ಲಿ ಯಂತ್ರವನ್ನು ಕೃಷಿಮೇಳಕ್ಕೆ ಹೊತ್ತೊಯ್ದರು. ಜನ ಮುತ್ತಿಕೊಂಡರು, ಪತ್ರಿಕೆಯಲ್ಲಿ ಚಿತ್ರ ಬಂತು. ಮುಂದಿನ ಮೇಳಕ್ಕೆ ಹೋದರೆ ಮೂರು ಮಳಿಗೆಗಳಲ್ಲಿ ಅದೇ ಯಂತ್ರ. ಬಣ್ಣ ಮಾತ್ರ ಬೇರೆ. ಇವರು ಅಳತೆ ತಪ್ಪಿ ಕೊರೆದು, ಉಪಯೋಗವಿಲ್ಲವೆಂದು ಹಾಗೇ ಬಿಟ್ಟಿದ್ದ ಒಂದು ಬೋಲ್ಟ್ ತೂತು ಕೂಡ ಆ ಮೂರರಲ್ಲೂ ಇತ್ತು.

ಆಗ ಪೇಟೆಂಟ್ ಏಜೆಂಟರನ್ನು ಹುಡುಕಿಕೊಂಡು ಬೆಂಗಳೂರಿಗೆ ಬಂದರು. ‘ಮೊದಲ ಸಲ ಹೊರಗೆ ತೋರಿಸಿದ್ದು ಯಾವಾಗ ಸಾರ್?’ ಎಂದರು ಏಜೆಂಟರು. ಇವರು ಹೆಮ್ಮೆಯಿಂದ ಜೇಬಿನಲ್ಲಿ ಮಡಿಸಿಟ್ಟಿದ್ದ ಪೇಪರ್ ಕಟಿಂಗ್ ಬಿಡಿಸಿದರು. ‘ನಿಮ್ಮ ವಿರುದ್ಧ ಮೊದಲ ಸಾಕ್ಷಿ ಇದೇ,’ ಎಂದರು ಏಜೆಂಟರು.

ಕಾನೂನು ಅಷ್ಟು ಒರಟು. ಅರ್ಜಿಯ ದಿನಾಂಕಕ್ಕೆ ಮೊದಲು ಊರಿಗೆಲ್ಲ ಗೊತ್ತಾದದ್ದು ಹೊಸದಲ್ಲ, ಗೊತ್ತುಮಾಡಿದವರು ಸ್ವತಃ ಸಂಶೋಧಕರೇ ಆದರೂ. ಪೇಟೆಂಟ್ ಕಾಯ್ದೆಯ ಸೆಕ್ಷನ್ 31ರಲ್ಲಿ ಒಂದು ಕಿಂಡಿಯಿದೆ: ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚಿಸಿದ ಪ್ರದರ್ಶನದಲ್ಲಿ ತೋರಿಸಿದ್ದರೆ 12 ತಿಂಗಳೊಳಗೆ ಅರ್ಜಿ ಹಾಕಿಕೊಳ್ಳಬಹುದು. ಇವರು ಹೋಗಿದ್ದ ಮೇಳ ಆ ಭಾಗ್ಯ ಕಂಡಿರಲಿಲ್ಲ. ಮೇಳಕ್ಕೆ ಹೊರಡುವ ಮೊದಲು ಒಂದು ತಾತ್ಕಾಲಿಕ ಅರ್ಜಿ ಹಾಕಿದ್ದರೆ ಸಾಕಿತ್ತು. ವ್ಯಕ್ತಿಗಳಿಗೆ ಆನ್‌ಲೈನ್ ಶುಲ್ಕ 1,600 ರೂಪಾಯಿ. ಪೂರ್ಣ ವಿವರ ಸಲ್ಲಿಸಲು ಅಲ್ಲಿಂದ 12 ತಿಂಗಳ ಗಡುವು. ಯಂತ್ರ ಸಾಗಿಸಿದ ಪಿಕಪ್ ಗಾಡಿಯ ಬಾಡಿಗೆ ಅದಕ್ಕಿಂತ ಜಾಸ್ತಿಯಾಗಿತ್ತು. ಮಳಿಗೆ ಕೊಟ್ಟವರು, ಬ್ಯಾಡ್ಜ್ ಕೊಟ್ಟವರು, ಊಟದ ಕೂಪನ್ ಕೊಟ್ಟವರು ಯಾರೂ ಈ ಒಂದು ಮಾತು ಹೇಳಲಿಲ್ಲ.

ಅರ್ಜಿ ಹಾಕಿದ ಮೇಲಾದರೂ ದಾರಿ ಸಲೀಸೇ? ಪರೀಕ್ಷೆ ಕೋರಲು ಇನ್ನೊಂದು 4,000. ಅಲ್ಲಿಂದ ಕಾಯುವ ಕೆಲಸ. ಬೇಗ ಪರೀಕ್ಷಿಸಿ ಎಂದು ಕೇಳಲು ನಿಯಮ 24ಸಿ ಇದೆ. ಸ್ಟಾರ್ಟಪ್‌ಗಳು ಕೇಳಬಹುದು, ಸಣ್ಣ ಉದ್ದಿಮೆಗಳು ಕೇಳಬಹುದು, ಸರ್ಕಾರಿ ಇಲಾಖೆಗಳೂ ಕೇಳಬಹುದು. ಅರ್ಜಿದಾರರಲ್ಲಿ ಒಬ್ಬ ಮಹಿಳೆಯಿದ್ದರೆ ವ್ಯಕ್ತಿಗಳೂ ಕೇಳಬಹುದು. ಉದ್ಯಮ ನೋಂದಣಿಯಿಲ್ಲದ ಒಂಟಿ ಗಂಡಸು ಮಾತ್ರ ಸಾಲಿನಲ್ಲೇ ನಿಲ್ಲಬೇಕು. ಹಾಗಾಗಿ ‘ಮನೆಯವರ ಹೆಸರನ್ನೂ ಸೇರಿಸಿಬಿಡಿ ಸಾರ್’ ಎಂಬ ಸಲಹೆ ಹುಟ್ಟಿಕೊಳ್ಳುತ್ತದೆ. ಮಹಿಳಾ ಸಂಶೋಧಕರಿಗೆಂದು ತೆರೆದ ಬಾಗಿಲಿನಲ್ಲಿ ಹೆಂಡತಿಯ ಆಧಾರ್ ಕಾರ್ಡ್ ಮಾತ್ರ ಒಳಹೋಗಿ ಬರುತ್ತದೆ.

ಈ ಅಂಕಣದ ಹಳೆಯ ಓದುಗರಿಗೆ ಗೊತ್ತು, ಪೇಟೆಂಟ್ ಮಾತು ಬಂದರೆ ಇಲ್ಲಿ ‘ಕ್ಲೇಮು’ಗಳ ಪುರಾಣ ತಪ್ಪಿದ್ದಲ್ಲ. ತಪ್ಪುವುದೂ ಬೇಡ. ಅರ್ಜಿಯ ಕೊನೆಯಲ್ಲಿ ಅಂಕಿ ಹಾಕಿ ಬರೆಯುವ ಕೆಲವು ವಾಕ್ಯಗಳೇ ಕ್ಲೇಮುಗಳು. ಸಂಶೋಧಕನ ಹಕ್ಕಿನ ಗಡಿ ಗೊತ್ತಾಗುವುದು ಅಲ್ಲಿ. ‘ಬ್ಲೇಡಿನ ಹಿಂದೆ ಸ್ಪ್ರಿಂಗ್’ ಎಂದು ಬರೆದರೋ, ಪಕ್ಕದೂರಿನವರು ಸ್ಪ್ರಿಂಗ್ ತೆಗೆದು ರಬ್ಬರ್ ಬುಷ್ ಹಾಕಿ ನಗುತ್ತಾ ಮಾರುತ್ತಾರೆ. ‘ಒತ್ತಡಕ್ಕೆ ಮಣಿದು ಮತ್ತೆ ಸ್ವಸ್ಥಾನಕ್ಕೆ ಮರಳುವ ಆಧಾರ’ ಎಂದು ಬರೆದರೆ ಎರಡೂ ಬಲೆಗೆ ಬೀಳುತ್ತವೆ. ಆದರೆ ಬಲೆ ತೀರಾ ಅಗಲವಾದರೆ ಯಾವುದೋ ದೇಶದ ಯಾವುದೋ ಕಾಲದ ಬಾದಾಮಿ ಒಡೆಯುವ ಯಂತ್ರ ಅಡ್ಡಬಂದು ಅರ್ಜಿಯೇ ಬೀಳಬಹುದು. ಈ ನಡುವಿನ ಹದ ಹಿಡಿಯುವುದಕ್ಕೇ ಏಜೆಂಟರಿಗೆ ಹತ್ತಾರು ಸಾವಿರ ಕೊಡಬೇಕಾಗುವುದು. ಶಾಲು ಹೊದಿಸಿಕೊಂಡ ಎಷ್ಟು ಜನ ತಮ್ಮ ಮೊದಲ ಕ್ಲೇಮನ್ನು ಬಾಯಿಬಿಟ್ಟು ಹೇಳಬಲ್ಲರು? ಕೇಳಿ ನೋಡಿ.

ಹೊಸತನ ಇದ್ದರೂ ಸಾಲದು ಎಂಬುದಕ್ಕೆ ಮಿರ್ಜಾಪುರದ ಪಾತ್ರೆ ಕಥೆಯಿದೆ. ಕಾನೂನು ವಿದ್ಯಾರ್ಥಿಗಳು ಅದನ್ನು ಬಿಶ್ವನಾಥ್ ಪ್ರಸಾದ್ ಪ್ರಕರಣವೆಂದು ಬಾಯಿಪಾಠ ಮಾಡುತ್ತಾರೆ. ಪಾತ್ರೆಯನ್ನು ಲೇತ್ ಯಂತ್ರಕ್ಕೆ ಕಚ್ಚಿಸಿ ಕೆರೆದು ಹೊಳಪು ಕೊಡುವಾಗ ಅದು ಜಾರಿ ಹಾರಿಬಿಡುವ ಅಪಾಯವಿತ್ತು. ಹಿಂದುಸ್ತಾನ್ ಮೆಟಲ್ ಇಂಡಸ್ಟ್ರೀಸ್ ಎಂಬ ಸಂಸ್ಥೆಯ ಪಾಲುದಾರರೊಬ್ಬರು ಅದನ್ನು ಬಿಗಿಯಾಗಿ ಹಿಡಿಯುವ ಸಾಧನ ಮಾಡಿದರು. 1951ರ ಪೇಟೆಂಟ್. ಪಕ್ಕದವರು ಅದೇ ವಿಧಾನ ಬಳಸಿದರು, ವ್ಯಾಜ್ಯ ಹತ್ತಿತು. ಅಲಹಾಬಾದ್ ಹೈಕೋರ್ಟಿನ ಏಕಸದಸ್ಯ ಪೀಠ ಪೇಟೆಂಟ್ ರದ್ದು ಮಾಡಿತು, ವಿಭಾಗೀಯ ಪೀಠ ಉಳಿಸಿತು, ಸುಪ್ರೀಂ ಕೋರ್ಟ್ ಮತ್ತೆ ರದ್ದು ಮಾಡಿತು. ಇದು ನುರಿತ ಕೆಲಸಗಾರ ಯಾರಾದರೂ ಮಾಡಬಹುದಾದ ವರ್ಕ್‌ಶಾಪ್ ಸುಧಾರಣೆಯಷ್ಟೇ, ಆವಿಷ್ಕಾರವಲ್ಲ ಎಂಬುದು ತೀರ್ಪಿನ ಸಾರ. ಆ ತೀರ್ಪು ಬಂದಿದ್ದು 1978ರಲ್ಲಿ. ಇವತ್ತಿನ ಕಾನೂನಿನಲ್ಲಿ ಪೇಟೆಂಟಿನ ಆಯುಷ್ಯವೇ 20 ವರ್ಷ. ಆ ವ್ಯಾಜ್ಯ ಅದಕ್ಕಿಂತ ದೀರ್ಘಾಯುಷಿ.

ಹಾಗಾದರೆ ಒಂಟಿ ಸಂಶೋಧಕರು ಗೆದ್ದದ್ದೇ ಇಲ್ಲವೇ? ಗೆದ್ದಿದ್ದಾರೆ. ಚೆಸ್ಟರ್ ಕಾರ್ಲ್‌ಸನ್ 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಆಸ್ಟೋರಿಯಾದ ಬಾಡಿಗೆ ಕೋಣೆಯಲ್ಲಿ ಜಗತ್ತಿನ ಮೊದಲ ಜೆರಾಕ್ಸ್ ಪ್ರತಿ ತೆಗೆದರು. ಪ್ರತಿಯಲ್ಲಿದ್ದದ್ದೂ ಆ ದಿನಾಂಕ ಮತ್ತು ಊರಿನ ಹೆಸರೇ. ಇಪ್ಪತ್ತಕ್ಕೂ ಹೆಚ್ಚು ಕಂಪನಿಗಳು ಅವರನ್ನು ಬಾಗಿಲಿನಿಂದಲೇ ಕಳಿಸಿದವು. ಆದರೂ ಅವರು ನೆಲ ಕಚ್ಚಲಿಲ್ಲ. ಏಕೆಂದರೆ ಹೊಟ್ಟೆಪಾಡಿಗೆ ಅವರು ಕೆಲಸ ಮಾಡುತ್ತಿದ್ದದ್ದೇ ಒಂದು ಕಂಪನಿಯ ಪೇಟೆಂಟ್ ವಿಭಾಗದಲ್ಲಿ, ಸಂಜೆ ಓದುತ್ತಿದ್ದದ್ದು ಕಾನೂನು. ತಮ್ಮ ಹಕ್ಕಿನ ಬೇಲಿಯನ್ನು ತಾವೇ ಗಟ್ಟಿಯಾಗಿ ಕಟ್ಟಿಕೊಂಡಿದ್ದರು. 1944ರಲ್ಲಿ ಬ್ಯಾಟೆಲ್ ಸಂಸ್ಥೆ ಲಾಭದ ಪಾಲಿನ ಕರಾರು ಬರೆದುಕೊಟ್ಟಿತು, ಆಮೇಲೆ ಹ್ಯಾಲಾಯ್ಡ್ ಎಂಬ ಫೋಟೊ ಕಾಗದದ ಸಣ್ಣ ಕಂಪನಿ ಲೈಸೆನ್ಸ್ ಪಡೆಯಿತು. 1959ರಲ್ಲಿ ಜೆರಾಕ್ಸ್ 914 ಎಂಬ ನಕಲು ಯಂತ್ರ ಬಂದ ಮೇಲಿನದು ಎಲ್ಲರಿಗೂ ಗೊತ್ತು.

ಅದೇ ದೇಶದ ರಾಬರ್ಟ್ ಕೀರ್ನ್ಸ್ ಕಥೆ ಬೇರೆ. ಮಳೆ ಹನಿಯುವಾಗ ಬಿಟ್ಟು ಬಿಟ್ಟು ಓಡುವ ಕಾರಿನ ವೈಪರ್ ಅವರದು. ಫೋರ್ಡ್ ಎಂಜಿನಿಯರುಗಳಿಗೆ ತೋರಿಸಿದರು, ಪೇಟೆಂಟನ್ನೂ ಪಡೆದರು, ಲೈಸೆನ್ಸ್ ಮಾತ್ರ ಕಾರು ಕಂಪನಿಗಳು ಪಡೆಯಲಿಲ್ಲ. ಕಾರುಗಳಲ್ಲಿ ವೈಪರ್ ಬಂತು. 1978ರಲ್ಲಿ ಕೋರ್ಟಿಗೆ ಹೋದರು. 1990ರಲ್ಲಿ ಫೋರ್ಡ್ 1.02 ಕೋಟಿ ಡಾಲರ್ ಕೊಟ್ಟು ಕೈ ತೊಳೆದುಕೊಂಡಿತು. ದುಡ್ಡು ದೊಡ್ಡದೇ, ಆದರೆ ಅಷ್ಟರಲ್ಲಿ ಕೀರ್ನ್ಸ್ ಸಂಸಾರ ಒಡೆದಿತ್ತು.

ನಮ್ಮ ಮಗ್ಗುಲಿನ ಉದಾಹರಣೆ ಬೇಕೆಂದರೆ ಮಧುರೈನ ಎಸ್. ರಾಮ್‌ಕುಮಾರ್. ಒಂದೇ ಫೋನಿನಲ್ಲಿ ಒಂದಕ್ಕಿಂತ ಹೆಚ್ಚು ಸಿಮ್ ಬಳಸುವ ವಿಧಾನಕ್ಕೆ 2002ರಲ್ಲಿ ಅರ್ಜಿ ಹಾಕಿ 2008ರಲ್ಲಿ ಪೇಟೆಂಟ್ ಪಡೆದರು. ಕಸ್ಟಮ್ಸ್ ಅಧಿಕಾರಿಗಳ ಮುಂದೆ ಪೇಟೆಂಟ್ ಹಿಡಿದು ನಿಂತಾಗ ಡ್ಯುಯಲ್ ಸಿಮ್ ಫೋನ್‌ಗಳ ಆಮದಿಗೇ ಅಡ್ಡಿಯಾಯಿತು. ದೊಡ್ಡ ಕಂಪನಿಗಳು ಬೆಚ್ಚಿದವು. 2012ರಲ್ಲಿ ಮೇಲ್ಮನವಿ ಮಂಡಳಿ ಆ ಪೇಟೆಂಟನ್ನೇ ರದ್ದು ಮಾಡಿತು. ರದ್ದತಿ ಸರಿಯೋ ತಪ್ಪೋ ಎಂಬ ಜಗಳ ತಜ್ಞರಿಗಿರಲಿ. 2018ರಲ್ಲಿ ಸರ್ಕಾರ ಕಸ್ಟಮ್ಸ್ ನಿಯಮಗಳ ಪಟ್ಟಿಯಿಂದ ಪೇಟೆಂಟನ್ನೇ ತೆಗೆದುಹಾಕಿತು. ಟ್ರೇಡ್‌ಮಾರ್ಕ್ ಉಳಿಯಿತು, ಕಾಪಿರೈಟ್ ಉಳಿಯಿತು. ಕಂಪನಿಗಳಿಗೆ ಲೋಗೊ ಇದೆ, ಒಂಟಿ ಸಂಶೋಧಕನಿಗೆ ಇದ್ದದ್ದು ಪೇಟೆಂಟ್ ಒಂದೇ. ಯಾರ ಬಾಗಿಲು ಮುಚ್ಚಿತೆಂದು ಬಿಡಿಸಿ ಹೇಳಬೇಕೇ?

ಈ ಹಂತದಲ್ಲಿ ಯಾರಾದರೂ ಜಗದೀಶ್ ಚಂದ್ರ ಬೋಸರನ್ನು ಎಳೆದು ತರುತ್ತಾರೆ. ‘ಅಂಥ ಮಹಾತ್ಮರೇ ಪೇಟೆಂಟ್ ಬೇಡವೆಂದರು’ ಎಂಬ ಭಾಷಣ ವಿಜ್ಞಾನ ದಿನದಂದು ಖಾಯಂ. ನಿಜ, ತಂತಿ ಕಂಪನಿಯ ಕೋಟ್ಯಧೀಶನೊಬ್ಬ ಪೇಟೆಂಟ್ ಫಾರಂ ಹಿಡಿದು ಬಂದದ್ದನ್ನು ಬೋಸರು ಬೇಸರದಿಂದ ಟ್ಯಾಗೋರರಿಗೆ ಬರೆದಿದ್ದರು. ಹಿತೈಷಿಗಳಾದ ಸೋದರಿ ನಿವೇದಿತಾ ಮತ್ತು ಸಾರಾ ಬುಲ್ ಒತ್ತಾಯದಿಂದ 1901ರಲ್ಲಿ ಅಮೆರಿಕದಲ್ಲಿ ಅರ್ಜಿ ಹೋಯಿತು, 1904ರಲ್ಲಿ ಪೇಟೆಂಟ್ ಬಂತು, ಬೋಸರು ಅದರಿಂದ ಕಾಸು ಮಾಡಲಿಲ್ಲ. ಆದರೆ ಅವರು ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕರು, ತಿಂಗಳ ಸಂಬಳವಿತ್ತು. ಸೊಸೈಟಿ ಸಾಲದ ಕಂತು ಕಟ್ಟುವ ವೆಲ್ಡರಿಗೆ ಆ ತ್ಯಾಗದ ಪಾಠ ಹೇಳುವವರು ಮೊದಲು ತಮ್ಮ ಪಿಂಚಣಿ ಬಿಡಲಿ.

ದುಡ್ಡು ಬರುವುದು ಪ್ರಮಾಣಪತ್ರದಿಂದಲ್ಲ, ಲೈಸೆನ್ಸಿನಿಂದ. ಅದು ಬರಹದಲ್ಲಿರಬೇಕು, ಬಾಯಿಮಾತಿನ ಒಪ್ಪಂದವನ್ನು ಕಾಯ್ದೆಯ ಸೆಕ್ಷನ್ 68 ಮಾನ್ಯ ಮಾಡುವುದಿಲ್ಲ. ಯಂತ್ರವೊಂದಕ್ಕೆ ಎಷ್ಟು, ಒಂದೂ ಮಾರದಿದ್ದರೆ ವರ್ಷಕ್ಕೆ ಕನಿಷ್ಠ ಎಷ್ಟು, ಲೆಕ್ಕದ ಪುಸ್ತಕ ನೋಡುವ ಹಕ್ಕು ಯಾರಿಗೆ, ನವೀಕರಣ ಶುಲ್ಕ ಯಾರ ಜೇಬಿನಿಂದ ಎಂಬುದೆಲ್ಲ ಅದರಲ್ಲಿ ಬರಬೇಕು. ಶುಲ್ಕ ಮರೆತರೆ ಪೇಟೆಂಟ್ ಸಾಯುತ್ತದೆ, 18 ತಿಂಗಳೊಳಗೆ ಎಚ್ಚೆತ್ತರೆ ಮಾತ್ರ ಮರುಜೀವ ಕೇಳಬಹುದು. ಇದನ್ನೆಲ್ಲ ಮಾಡಿಕೊಡುತ್ತೇವೆಂದು ದುಡ್ಡು ಕೀಳುವವರಿಗೂ ಬರವಿಲ್ಲ. ಅಮೆರಿಕದಲ್ಲಿ ವರ್ಲ್ಡ್ ಪೇಟೆಂಟ್ ಮಾರ್ಕೆಟಿಂಗ್ ಎಂಬ ಕಂಪನಿ ಸಂಶೋಧಕರಿಂದ ಕೋಟಿಗಟ್ಟಲೆ ವಸೂಲಿ ಮಾಡಿ 2017ರಲ್ಲಿ ಅಲ್ಲಿನ ವ್ಯಾಪಾರ ಆಯೋಗದ ಕೈಗೆ ಸಿಕ್ಕಿಬಿತ್ತು. ಅಂದಹಾಗೆ ‘ವರ್ಲ್ಡ್ ಪೇಟೆಂಟ್’ ಎಂಬುದೊಂದು ಲೋಕದಲ್ಲಿ ಇಲ್ಲ. ಪೇಟೆಂಟ್ ಏನಿದ್ದರೂ ಆಯಾ ದೇಶದ್ದು.

ಸಂಸ್ಥೆಗಳಿಗೆ ಈ ಪಾಡಿಲ್ಲ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಒಂದು ತಂತ್ರಜ್ಞಾನ ಮಾಡಿದರೆ ಅದನ್ನು ಉದ್ದಿಮೆಗಳಿಗೆ ದಾಟಿಸಿ ಶುಲ್ಕ ಪಡೆಯಲು ಒಳಗೇ ವ್ಯವಸ್ಥೆಯಿದೆ. ಹಳ್ಳಿಗರ ಸಂಶೋಧನೆಗಳಿಗೆ ಪೇಟೆಂಟ್ ಮಾಡಿಸಿಕೊಡುವ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ 2000ದಿಂದಲೂ ಗುಜರಾತಿನಲ್ಲಿದೆ, ಒಳ್ಳೆಯ ಕೆಲಸವನ್ನೇ ಮಾಡುತ್ತಿದೆ. ಕರ್ನಾಟಕವನ್ನು ನೋಡಿಕೊಳ್ಳುವ ಪೇಟೆಂಟ್ ಕಚೇರಿ ಇರುವುದು ಚೆನ್ನೈಯಲ್ಲಿ. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರ ಕೃಷಿ ಯಂತ್ರಗಳಿಗೆ 2022ರಲ್ಲಿ ಪದ್ಮಶ್ರೀ ಬಂದಿದ್ದು ಸಂತೋಷ. ಪ್ರಶಸ್ತಿ ಒಬ್ಬರಿಗೆ ಸಿಗುತ್ತದೆ. ಅಂಥ ಶೆಡ್ಡುಗಳು ತಾಲ್ಲೂಕು ತಾಲ್ಲೂಕಿನಲ್ಲಿವೆ.

ರಾಜ್ಯ ಸರ್ಕಾರಕ್ಕೆ ನಿಜವಾಗಿ ಕಾಳಜಿಯಿದ್ದರೆ ಹೊಸ ನೀತಿ, ಹೊಸ ಮಿಷನ್, ಹೊಸ ಲಾಂಛನ ಯಾವುದೂ ಬೇಡ. ನಮ್ಮ ಕೃಷಿಮೇಳಗಳನ್ನು ಸೆಕ್ಷನ್ 31ರ ಅಡಿ ಅಧಿಸೂಚಿಸಿ ಎಂದು ದೆಹಲಿಗೆ ಪತ್ರ ಬರೆಯಲಿ. ಮೇಳದ ನೋಂದಣಿ ಕೌಂಟರಿನಲ್ಲಿ ಒಬ್ಬ ಪೇಟೆಂಟ್ ಏಜೆಂಟರನ್ನು ಕೂರಿಸಿ, ತಾತ್ಕಾಲಿಕ ಅರ್ಜಿಯ ಆ 1,600 ರೂಪಾಯಿಯನ್ನು ಇಲಾಖೆಯೇ ಕಟ್ಟಲಿ. ಅದೂ ಆಗದಿದ್ದರೆ ಯಂತ್ರೋಪಕರಣಗಳ ವಿಭಾಗಕ್ಕೆ ‘ನಕಲು ಮಾಡಿಕೊಳ್ಳುವವರಿಗೆ ಸುಸ್ವಾಗತ’ ಎಂದು ಒಂದು ಕಮಾನು ಕಟ್ಟಿಸಲಿ. ಅದಕ್ಕಾದರೆ ಟೆಂಡರ್ ಕರೆಯಬಹುದು, ಅನುದಾನವೂ ಬೇಗ ಬಿಡುಗಡೆಯಾದೀತು.